ಪಟ್ಟಿಯಲ್ಲಿ ಉಳಿದ ಹೆಸರು

ನಾನು ಮೊದಲ ಸಲ ಓಟು ಹಾಕಿದ್ದು ಸತ್ತವಳೊಬ್ಬಳ ಹೆಸರಿನಲ್ಲಿ. ಆಗ ನನಗೆ ಇಪ್ಪತ್ತು ವರ್ಷ. ಇಪ್ಪತ್ತೊಂದು ತುಂಬಿದವರಿಗಷ್ಟೇ ಓಟಿದ್ದ ಕಾಲ ಅದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾಲೂರು ತಾಲ್ಲೂಕಿನ ಮಾಸ್ತಿ ಪಕ್ಕದ ಹಳ್ಳಿಯಿಂದ ಗೌನಿಪಲ್ಲಿ ಸೀಮೆಗೆ ಎರಡನೆಯ ಹೆಂಡತಿಯಾಗಿ ಬಂದು ಐದು ತಿಂಗಳು ಕಳೆದಿತ್ತು. ಮೊದಲನೆಯವಳು ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ ಎಂದಷ್ಟೇ ನಮ್ಮ ಅಪ್ಪನಿಗೆ ಹೇಳಿದ್ದರು. ಅಪ್ಪ ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ.

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ನಾನು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಬಳಸಿದ್ದೇನೆ.

ಆ ಮನೆಯಲ್ಲಿ ಅತ್ತೆ ಇರಲಿಲ್ಲ. ಮಾವ, ನನ್ನ ಗಂಡ, ನಾನು, ಮೂರೇ ಜನ. ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ನನ್ನ ಮಾಸ್ತಿ ಕಡೆಯ ಕನ್ನಡ ಕೇಳಿ ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮಾವನಿಗೆ ಊರಾಚೆ ಮಾವಿನ ತೋಪಿತ್ತು, ಆದರೆ ಅವರ ಮನಸ್ಸಿದ್ದುದು ಪಾರ್ಟಿಯಲ್ಲಿ. ಚುನಾವಣೆ ಬಂತೆಂದರೆ ಜಗಲಿಯ ಮೇಲೆ ಪೋಸ್ಟರ್ ಕಟ್ಟುಗಳು, ಮೈದಾ ಅಂಟಿನ ಬಕೆಟ್ಟುಗಳು, ಬಾವುಟದ ಕೋಲುಗಳು. ಮತದಾರರ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲಿನಿಂದ ಗುರುತು ಹಾಕುತ್ತಾ ಕೂರುವರು. ಯಾರು ಬೆಂಗಳೂರಿಗೆ ಕೂಲಿಗೆ ಹೋಗಿದ್ದಾರೆ, ಯಾವ ಮುದುಕಿಯನ್ನು ಕುರ್ಚಿಯಲ್ಲಿ ಹೊತ್ತು ತರಬೇಕು, ಯಾವ ಮನೆಯ ಸೊಸೆ ತವರಿನಿಂದ ಹಿಂದಿರುಗಿಲ್ಲ, ಎಲ್ಲವೂ ಅವರ ತಲೆಯಲ್ಲಿತ್ತು.

"ಓಟು ಅಂದ್ರೆ ಹಾಲಿದ್ದಂಗೆ ಅಮ್ಮಾಯಿ," ಎನ್ನುತ್ತಿದ್ದರು. "ಹೊತ್ತಿಗೆ ಸರಿಯಾಗಿ ಡೈರಿಗೆ ಮುಟ್ಟಿಸ್ಬೇಕು. ಒಂದು ಗಂಟೆ ತಡ ಆದ್ರೆ ಒಡೆದೋಯ್ತು."

ಒಂದು ವಿಚಿತ್ರ ಮಾತ್ರ ನನಗೆ ಕಾಣುತ್ತಿತ್ತು. ಪಾರ್ಟಿಯ ಜೀಪು ಬಾಗಿಲಿಗೇ ಬರುತ್ತಿತ್ತು, ಮಾವ ಮಾತ್ರ ಅದನ್ನು ಹತ್ತುತ್ತಿರಲಿಲ್ಲ. ಉಳಿದವರನ್ನೆಲ್ಲ ಕೂರಿಸಿ ಕಳಿಸಿ, ತಾವು ಹಿಂದಿನಿಂದ ಸೈಕಲ್ಲಿನಲ್ಲಿ ಹೋಗುವರು. ಮೈಲಿಗಟ್ಟಲೆ ದೂರವಾದರೂ ಅಷ್ಟೇ.

ಓಟಿಗೆ ಮೂರು ದಿನವಿದ್ದಾಗ ಒಂದು ಬೆಳಿಗ್ಗೆ ನನ್ನನ್ನು ಕರೆದರು.

"ಅಮ್ಮಾಯಿ, ನೀನೂ ಒಂದು ಓಟು ಹಾಕ್ಬಿಡು."

"ನನ್ನ ಹೆಸರು ಇಲ್ಲಿಲ್ವಲ್ಲ ಮಾವ."

ಅವರು ಪಟ್ಟಿಯನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಅವಳ ಹೆಸರಿತ್ತು. ಪಕ್ಕದಲ್ಲಿ ನನ್ನ ಗಂಡನ ಹೆಸರು, ನಮ್ಮ ಮನೆಯ ನಂಬರು, ವಯಸ್ಸು ಇಪ್ಪತ್ತಮೂರು.

"ಇದು ಅಕ್ಕನ ಹೆಸರಲ್ವಾ?" ಎಂದೆ. ನೋಡದಿದ್ದರೂ ಅವಳನ್ನು ಅಕ್ಕ ಎಂದೇ ಕರೆಯಬೇಕೆಂದು ನಮ್ಮಮ್ಮ ಹೇಳಿ ಕಳಿಸಿದ್ದಳು.

"ಗಂಡನ ಹೆಸರು ಅದೇ, ಮನೆ ಅದೇ. ಆಫೀಸರ್‌ಗಳು ಕೋಲಾರದ ಕಡೆಯೋರು, ಅವ್ರಿಗೇನು ಗೊತ್ತು?" ಎಂದು ಹೇಳಿ ಮಾವ ಪಟ್ಟಿಯನ್ನು ಮಡಚಿದರು. ನನ್ನ ಮುಖ ನೋಡಲಿಲ್ಲ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಅದು ತಪ್ಪೆಂದು ನನಗೆ ತಿಳಿಯದೇ ಇರಲಿಲ್ಲ. ಆದರೆ ಐದು ತಿಂಗಳ ಸೊಸೆಗೆ ಮಾವನ ಎದುರು ಇಲ್ಲ ಎನ್ನುವ ಬಾಯಿ ಇರಲಿಲ್ಲ. ಅಷ್ಟೇ ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ಆ ಸಾಲನ್ನು ಓದಿದಾಗ ನನಗೆ ಒಂದು ತರಹದ ಕುತೂಹಲವೂ ಆಯಿತು. ಆ ಮನೆಯಲ್ಲಿ ಅವಳ ಒಂದು ಫೋಟೋ ಇರಲಿಲ್ಲ, ಯಾರೂ ಅವಳ ಮಾತೆತ್ತುತ್ತಿರಲಿಲ್ಲ. ನಾನು ಅವಳನ್ನು ಮೊದಲ ಸಲ ಕಂಡಿದ್ದೇ ಆ ಪಟ್ಟಿಯಲ್ಲಿ.

ಓಟಿನ ದಿನ ಊರಿನ ಪ್ರೈಮರಿ ಸ್ಕೂಲಿನ ಮುಂದೆ ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ. ಮಾವು ಹೂ ಬಿಟ್ಟಿದ್ದ ಕಾಲ, ಊರೆಲ್ಲ ಆ ವಾಸನೆ. ಮಾವ ದೂರದ ಹುಣಸೆ ಮರದ ಕೆಳಗೆ ಮೇಜು ಹಾಕಿಕೊಂಡು ಚೀಟಿ ಬರೆದುಕೊಡುತ್ತಿದ್ದರು. ನನ್ನ ಗಂಡ ಬೂತಿನ ಒಳಗೆ ಪಾರ್ಟಿಯ ಏಜೆಂಟಾಗಿ ಕೂತಿದ್ದರು. ನಾನು ಚೀಟಿ ಹಿಡಿದು ಸಾಲಿನಲ್ಲಿ ನಿಂತೆ. ಬಾಗಿಲ ಹತ್ತಿರ ಬಂದಾಗ ಹಿಂದೆ ತಿರುಗಿ ನೋಡಿದರೆ, ನನ್ನ ಬೆನ್ನಿಗೇ ಸೋದರತ್ತೆ ನಿಂತಿದ್ದರು.

ಸೋದರತ್ತೆ ಎಂದರೆ ಮಾವನ ಸ್ವಂತ ತಂಗಿ. ಅದೇ ಊರಿಗೆ ಕೊಟ್ಟಿದ್ದರು. ಎರಡು ಬೀದಿ ಆಚೆ ಒಂಟಿಯಾಗಿದ್ದರು. ಸತ್ತುಹೋದ ಅಕ್ಕ ಅವರ ಒಬ್ಬಳೇ ಮಗಳು. ನಾನು ಬಂದಾಗಿನಿಂದ ಅಣ್ಣ ತಂಗಿ ಮಾತಾಡಿದ್ದನ್ನು ನೋಡಿರಲಿಲ್ಲ. ಬಾವಿಯ ಹತ್ತಿರ ಎದುರಾದರೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಏನೂ ಹೇಳದೆ ಹೋಗಿಬಿಡುವರು.

ಒಳಗೆ ಹೋದೆ. ನನ್ನ ಹಿಂದೆ ಅವರೂ ಬಂದರು. ಮೇಜಿನ ಹಿಂದೆ ಕೂತಿದ್ದ ಆಫೀಸರು ಚೀಟಿ ನೋಡಿ, ನಂಬರು ಹೇಳಿ, ಏಜೆಂಟರಿಗೆ ಕೇಳಲೆಂದು ಅವಳ ಹೆಸರನ್ನು ಗಟ್ಟಿಯಾಗಿ ಕೂಗಿದರು. ಗಂಡನ ಹೆಸರನ್ನೂ ಕೂಗಿದರು. ನನ್ನ ಗಂಡ ತಲೆ ಎತ್ತಲಿಲ್ಲ. ಅವರ ಕೈಯ ಪೆನ್ನು ಪಟ್ಟಿಯ ಮೇಲೆ ನಿಂತಿತ್ತು.

"ಒಂದು ನಿಮಿಷ ಸಾರ್," ಎಂದ ಎದುರು ಪಾರ್ಟಿಯ ಏಜೆಂಟು. ನಮ್ಮ ಊರಿನವನೇ, ಎಲ್ಲ ಗೊತ್ತಿದ್ದವನು. ಅವನು ನನ್ನನ್ನು ಬಿಟ್ಟು ನನ್ನ ಹಿಂದಿದ್ದವರನ್ನು ನೋಡಿದ. "ಆಯಮ್ಮ ಅಲ್ಲೇ ಅವ್ರೆ. ಆಯಮ್ಮನ್ನೇ ಕೇಳ್ರಿ. ಏನಮ್ಮಾ, ನೀನೇ ಹೇಳ್ಬಿಡು. ಈ ಹೆಸರು ನಿನ್ನ ಮಗಳ್ದು ತಾನೆ? ಇವ್ಳು ನಿನ್ನ ಮಗಳಾ?"

ಆಫೀಸರು ಕತ್ತೆತ್ತಿ ನೋಡಿದರು. ಪೊಲೀಸು, ಜೈಲು, ತವರಿನವರ ಮುಖ, ಎಲ್ಲ ಕಣ್ಣ ಮುಂದೆ ಬಂತು.

"ಹೂಂ," ಎಂದರು ಸೋದರತ್ತೆ. "ನನ್ನ ಮಗಳೇ."

ಏಜೆಂಟು ಒಂದು ಕ್ಷಣ ಅವರನ್ನೇ ನೋಡಿ, "ಹಂಗಾದ್ರೆ ಆಯ್ತು ಬಿಡಿ" ಎಂದು ಮೆಲ್ಲಗೆ ಕೂತ. ನನ್ನ ಗಂಡನ ಪೆನ್ನು ಅಲುಗಿತು. ಹೆಸರಿನ ಪಕ್ಕ ಗೆರೆ ಬಿತ್ತು. ಬೆರಳಿಗೆ ಶಾಯಿ ಹಚ್ಚಿದರು. ಕಾಗದ ಕೊಟ್ಟರು. ಮರೆಗೆ ಹೋಗಿ ಮುದ್ರೆ ಒತ್ತಿದೆ. ಎಲ್ಲಿ ಒತ್ತಿದೆನೋ ಇವತ್ತಿಗೂ ನೆನಪಿಲ್ಲ.

ಓಟು ಹಾಕಿ ಸೋದರತ್ತೆ ಹೊರಗೆ ಬರುವವರೆಗೆ ಗೋಡೆಗೆ ಒರಗಿ ನಿಂತಿದ್ದೆ. ಅವರು ಬಂದವರೇ ನನ್ನ ಎಡಗೈ ಹಿಡಿದುಕೊಂಡು ಬೆರಳಿನ ಶಾಯಿ ನೋಡಿದರು. ಆಮೇಲೆ, "ಬಾ ನಮ್ಮನೆಗೆ" ಎಂದರು. ಹುಣಸೆ ಮರದ ಕೆಳಗಿಂದ ಮಾವ ನೋಡುತ್ತಿದ್ದರು. ಅವರ ಎದುರಿನಿಂದಲೇ ನನ್ನ ಕೈ ಬಿಡದೆ ಕರೆದುಕೊಂಡು ಹೋದರು.

ಮನೆಯೊಳಗೆ ಮಣೆ ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟು, ಎದುರಿಗೆ ನೆಲದ ಮೇಲೆ ಕೂತರು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳಿದರು. ಅತ್ತುಕೊಂಡು ಹೇಳಲಿಲ್ಲ. ಯಾರಿಗೋ ದಾರಿ ಹೇಳುವವರ ಹಾಗೆ ಹೇಳಿದರು.

ಅಕ್ಕ ಸತ್ತದ್ದು ಹಿಂದಿನ ಚುನಾವಣೆಯ ದಿನ. ಒಂಬತ್ತು ತಿಂಗಳು ತುಂಬಿತ್ತು. ಮಧ್ಯಾಹ್ನ ನೋವು ಶುರುವಾಯಿತು. ಊರಿಗೆ ಇದ್ದದ್ದು ಒಂದೇ ಗಾಡಿ, ಪಾರ್ಟಿಯ ಜೀಪು. ಅದು ತೋಪುಗಳ ಕಡೆಯ ಕೂಲಿಯವರನ್ನು ಓಟಿಗೆ ತರಲು ಹೊರಟು ನಿಂತಿತ್ತು. ಸೋದರತ್ತೆ ಓಡಿಹೋಗಿ ಹುಣಸೆ ಮರದ ಕೆಳಗಿದ್ದ ಅಣ್ಣನಿಗೆ ಹೇಳಿದರು.

"ಚೊಚ್ಚಲು ಹೆರಿಗೆ, ಟೈಮ್ ಹಿಡೀತೈತೆ. ಒಂದು ಟ್ರಿಪ್ ಹೋಗ್ಬರ್ಲಿ ಅಂದ್ರು ನಮ್ಮಣ್ಣ," ಎಂದರು ಸೋದರತ್ತೆ. "ನಾನೂ ಹಂಗೇ ಅನ್ಕೊಂಡೆ. ಸುಳ್ಳು ಯಾಕೆ ಹೇಳ್ಲಿ, ನಾನೂ ಆಯ್ತು ಅಂದೆ."

ಜೀಪು ಹೋಗಿ ಬಂತು. ಆಮೇಲೆ ತಾಯಿ ಮಗಳು ಹತ್ತಿದರು. ಮಾವನೂ ಮುಂದಿನ ಸೀಟಿನಲ್ಲಿ ಕೂತರು. ಶ್ರೀನಿವಾಸಪುರದ ಆಸ್ಪತ್ರೆಗೆ ಹೋಗಬೇಕಾದರೆ ಸ್ಕೂಲಿನ ಮುಂದೆಯೇ ಹಾಯಬೇಕು. ಅಲ್ಲಿ ಮಾವ ಜೀಪು ನಿಲ್ಲಿಸಿದರು.

"ದಾರೀಲೇ ಐತಲ್ಲ, ಎರಡು ನಿಮಿಷ ಅಂದ್ರು. ನನ್ನ ಮಗಳು ನಕ್ಕಳು ಕಣಮ್ಮಾ. ಆ ನೋವಲ್ಲೂ ನಕ್ಕು, ಒಂದು ಓಟು ತಾನೆ ಅಂತ ತಾನೇ ಇಳಿದೋದ್ಲು. ಎಲ್ರೂ ದಾರಿ ಬಿಟ್ರು. ಹಾಕ್ಬಿಟ್ಟು ನಡ್ಕೊಂಡೇ ಬಂದ್ಲು. ಬಂದು ಕೂತ್ಲಲ್ಲ, ಆವಾಗ ನೋಡ್ದೆ. ಸೀರೆಯೆಲ್ಲ ರಕ್ತ."

ಶ್ರೀನಿವಾಸಪುರಕ್ಕೆ ಮುಟ್ಟಿದಾಗ, ಇಲ್ಲಿ ಆಗುವುದಿಲ್ಲ, ಬೇಗ ಕೋಲಾರಕ್ಕೆ ಹೋಗಿ ಎಂದರಂತೆ ಡಾಕ್ಟರು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಲ್ಲ ಮುಗಿಯಿತು. ಮಾವ ಮುಂದಿನ ಸೀಟಿನಿಂದ ತಿರುಗಿ ನೋಡಲೇ ಇಲ್ಲವಂತೆ.

"ಸ್ನಾನ ಮಾಡಿಸೋವಾಗ ಬೆರಳಲ್ಲಿ ಶಾಯಿ ಇತ್ತು. ಅರಿಶಿಣ ಹಚ್ಚಿ ಉಜ್ಜಿದೆ, ಸೀಗೇಕಾಯಲ್ಲಿ ಉಜ್ಜಿದೆ. ಹೋಗ್ಲಿಲ್ಲ. ಹಂಗೇ ಕಳಿಸ್ದೆ."

ಆ ಚುನಾವಣೆಯಲ್ಲಿ ಮಾವನ ಪಾರ್ಟಿಯವರು ಗೆದ್ದರು. ಬೇಕಾದಷ್ಟು ಓಟಿನಿಂದ ಗೆದ್ದರು. ಆ ಒಂದು ಟ್ರಿಪ್ಪಿನವರು ಬಾರದಿದ್ದರೂ, ಅವಳು ಇಳಿಯದಿದ್ದರೂ ಗೆಲ್ಲುತ್ತಿದ್ದರು.

"ಹಂಗಿದ್ಮೇಲೆ ಯಾಕತ್ತೆ ನನ್ನ ಮಗಳು ಅಂದ್ರಿ?" ಎಂದು ಕೇಳಿದೆ.

ಅವರು ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದರು. "ಇಲ್ಲ ಅಂದಿದ್ರೆ ಸತ್ತೋಗವ್ಳೆ ಅಂತ ಹೆಸರಿನ ಮೇಲೆ ಗೆರೆ ಎಳೆದು ತೆಗೆದುಬಿಡೋರು. ಆ ಹೆಸರು ಅದೊಂದು ಕಡೆ ಉಳಿದೈತೆ. ನಿಮ್ಮನೇಲಿ ಯಾರೂ ಎತ್ತಲ್ಲ. ಇವತ್ತು ಎಷ್ಟು ಜೋರಾಗಿ ಕೂಗಿದ್ರು! ಆ ಹೆಸರು ಕೇಳಿ ಎಷ್ಟು ದಿನ ಆಗಿತ್ತೋ."

ಆ ಸಂಜೆ ಪೆಟ್ಟಿಗೆಗೆ ಮೊಹರು ಹಾಕಿಸಿ ನನ್ನ ಗಂಡ ಮನೆಗೆ ಬಂದಾಗ ಅವರನ್ನು ಕೇಳಿದೆ. ಆ ದಿನ ನೀವೆಲ್ಲಿದ್ದಿರಿ ಎಂದು. ಅವರು ಕಾಲು ತೊಳೆಯುತ್ತಿದ್ದವರು ಹಾಗೇ ನಿಂತರು.

"ಒಳಗೇ ಇದ್ದೆ. ಏಜೆಂಟಾಗಿ. ಅವ್ಳು ಬಂದ್ಲು, ಮುಖ ಬಿಳುಚಿತ್ತು. ಬಿಸಿಲು ಅನ್ಕೊಂಡೆ. ಹೆಸರಿಗೆ ನಾನೇ ಗೆರೆ ಹಾಕ್ದೆ." ಇನ್ನೊಂದು ಕಾಲಿಗೆ ನೀರು ಹಾಕಿಕೊಂಡು, "ಇವತ್ತೂ ಹಾಕ್ದೆ" ಎಂದರು.

ಅವರು ಆ ವಿಷಯ ಮತ್ತೆಂದೂ ಮಾತಾಡಲಿಲ್ಲ. ಒಳ್ಳೆಯ ಮನುಷ್ಯ. ಮುಂದಿನ ಚುನಾವಣೆಯಿಂದ ಏಜೆಂಟಾಗಿ ಕೂರುವುದನ್ನು ಬಿಟ್ಟರು. ಅಷ್ಟೇ ಅವರಿಗೆ ಸಾಧ್ಯವಾದದ್ದು.

ನನಗೆ ಇಪ್ಪತ್ತೊಂದು ತುಂಬಿತು. ಪಟ್ಟಿಗೆ ನನ್ನ ಹೆಸರು ಸೇರಿಸಬಹುದಿತ್ತು, ಯಾರೂ ಸೇರಿಸಲಿಲ್ಲ. ಒಂದು ಓಟು ಹೇಗೂ ಇತ್ತಲ್ಲ. ಆಮೇಲಿನ ಚುನಾವಣೆಗಳಲ್ಲೆಲ್ಲ ನಾನು ಅವಳ ಹೆಸರಿನಲ್ಲೇ ಓಟು ಹಾಕಿದೆ. ಪ್ರತಿ ಸಲವೂ ಸೋದರತ್ತೆ ನನ್ನ ಹಿಂದೆ ಬಂದು ನಿಲ್ಲುವರು. ಹೆಸರು ಕೂಗುವುದನ್ನು ಕಣ್ಣು ಮುಚ್ಚಿ ಕೇಳುವರು. ಯಾರೂ ಆಮೇಲೆ ತಕರಾರು ಮಾಡಲಿಲ್ಲ. ಊರು ಅದಕ್ಕೆ ಒಗ್ಗಿಹೋಯಿತು.

ನಾನು ಒಗ್ಗಲಿಲ್ಲ. ಓದು ಬರುತ್ತದೆಂದು ಮಾವ ನನ್ನನ್ನು ಮನೆಮನೆಗೆ ಚೀಟಿ ಹಂಚಲು ಕಳಿಸತೊಡಗಿದರು. ಹೆಂಗಸರನ್ನು ಬೂತಿಗೆ ಕರೆತರುವ ಕೆಲಸ ನನ್ನದಾಯಿತು. ಎಲ್ಲಿ ಹೋದರೂ ಅವಳು ನನಗಿಂತ ಮೊದಲೇ ಹೋಗಿ ಬಂದಿದ್ದಳು. ಬಳೆ ವ್ಯಾಪಾರದ ಸಾಬರ ಮನೆಯ ಅಮ್ಮ ನನಗೆ ಚಾಪೆ ಹಾಕಿ, "ಅವ್ಳೂ ಇಲ್ಲೇ ಕೂರ್ತಿದ್ಲು ಬೇಟಿ, ಇದೇ ಜಾಗ್ದಲ್ಲಿ. ಚೀಟಿ ಕೊಟ್ಟು ನೀರು ಕೇಳ್ತಿದ್ಲು" ಎಂದರು. ಕೆಳಗಿನ ಬೀದಿಯ ಕುರುಡಿ ಅಜ್ಜಿ ನನ್ನ ಹೆಜ್ಜೆ ಕೇಳಿ ಅವಳ ಹೆಸರು ಹಿಡಿದೇ ಕರೆದಳು. ನಾನಲ್ಲ ಅಜ್ಜಿ ಎಂದರೆ, "ಗೊತ್ತು, ಗೊತ್ತು, ನಡಿಗೆ ಹಂಗೇ ಐತೆ" ಎಂದಳು. ಒಮ್ಮೆ ಮುಳಬಾಗಿಲ ಬಸ್ ಸ್ಟ್ಯಾಂಡಿನಲ್ಲಿ ಯಾರೋ ತಾಯಿ ತನ್ನ ಮಗಳನ್ನು ಆ ಹೆಸರಿನಿಂದ ಕೂಗಿದಳು. ನಾನು ಥಟ್ಟನೆ ತಿರುಗಿ, "ಏನು?" ಎಂದುಬಿಟ್ಟೆ. ಆ ಮಗು ನನ್ನನ್ನು ಹೆದರಿ ನೋಡಿತು. ನನಗಿಬ್ಬರು ಮಕ್ಕಳಾದರು. ಎರಡು ಹೆರಿಗೆಗೂ ಏಳು ತಿಂಗಳಿಗೇ ಮಾಸ್ತಿಗೆ ಹೋದೆ. ಮಾವ ತಾವೇ ಬಸ್ಸಿಗೆ ತಂದು ಕೂರಿಸಿದರು.

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ಮಂಡಲ ಪಂಚಾಯ್ತಿ ಬಂತು. ಹೆಂಗಸರಿಗೆಂದೇ ಸೀಟು ಇಟ್ಟರು. ಪ್ರತಿ ಪಾರ್ಟಿಯವರೂ ಓದಿದ, ಮನೆಮನೆಗೆ ಗೊತ್ತಿರುವ ಹೆಂಗಸು ಯಾರೆಂದು ಹುಡುಕುತ್ತಿದ್ದರು. ಶ್ರೀನಿವಾಸಪುರದಿಂದ ಪಾರ್ಟಿಯ ತಾಲ್ಲೂಕು ಮುಖಂಡರು ನಮ್ಮ ಜಗಲಿಗೆ ಬಂದು ಕೂತು, "ನಿಮ್ಮ ಸೊಸೇನೇ ನಿಲ್ಲಿಸ್ಬಿಡಿ" ಎಂದರು. ನನಗೆ ಒಳಗೊಳಗೇ ಆಸೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಪಟ್ಟಿ ತೆರೆದರೆ ನಾನಿರಲಿಲ್ಲ. ಅವಳಿದ್ದಳು. ಪಟ್ಟಿಯಲ್ಲಿ ಇಲ್ಲದವಳು ಚುನಾವಣೆಗೆ ನಿಲ್ಲುವ ಹಾಗಿಲ್ಲ.

ಮುಖಂಡರು ನಕ್ಕರು. "ಅಯ್ಯೋ, ಇಷ್ಟು ವರ್ಷ ಓಟು ಹಾಕಿಲ್ವಾ ಈ ಹೆಸರಲ್ಲಿ? ಇದೇ ಹೆಸರಲ್ಲೇ ನಾಮಿನೇಶನ್ ಹಾಕಿ. ಗೋಡೆ ಮೇಲೆಲ್ಲ ಬರೆಸೋಣ, ಜನಕ್ಕೂ ಗೊತ್ತಿರೋ ಹೆಸರೇ."

ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಊರಿನ ಪ್ರತಿ ಗೋಡೆಯ ಮೇಲೆ ಸುಣ್ಣದಲ್ಲಿ, ಮಾರುದ್ದದ ಅಕ್ಷರಗಳಲ್ಲಿ ಆ ಹೆಸರು ಇರುವುದನ್ನು ನೆನೆಸಿಕೊಂಡೆ. ಮಾವ ಬಹಳ ಹೊತ್ತು ಪಟ್ಟಿಯನ್ನೇ ನೋಡುತ್ತಿದ್ದರು.

"ಬೇಡ," ಎಂದರು. "ಆಯಮ್ಮ ಸತ್ತೋಗವ್ಳೆ."

"ಅದು ನಂಗೂ ಗೊತ್ತು ಗೌಡ್ರೇ, ನಾನು ಹೇಳಿದ್ದು..."

"ನನ್ನ ತಂಗಿ ಮಗಳು. ನಾನೇ ಎತ್ತಿ ಬೆಳೆಸಿದ ಕೂಸು. ಓಟಿನ ದಿನ ಸತ್ತೋದ್ಲು. ಆ ಜೀಪು ನಿಲ್ಲಿಸಿದ್ದು ನಾನೇ. ಸಾಕು ಸ್ವಾಮಿ. ಇನ್ನೂ ಎಷ್ಟು ಸಲ ಇಳಿಸ್ಲಿ ಅವ್ಳನ್ನ?"

ಮುಖಂಡರು ಕಾಫಿ ಕುಡಿಯದೆ ಎದ್ದು ಹೋದರು. ಹತ್ತು ವರ್ಷಗಳಲ್ಲಿ ಆ ಮನೆಯೊಳಗೆ ಅವಳ ಸಾವಿನ ಮಾತು ಮಾವನ ಬಾಯಿಂದ ಬಂದದ್ದು ಅದೇ ಮೊದಲು.

ಅವಳ ಹೆಸರು ತೆಗೆಸಿ ನನ್ನದನ್ನು ಸೇರಿಸಲು ತಾಲ್ಲೂಕು ಆಫೀಸಿಗೆ ಅರ್ಜಿ ಕೊಡಬೇಕಿತ್ತು. ಅದಕ್ಕೆ ಮೊದಲು ನಾನು ಸೋದರತ್ತೆಯ ಮನೆಗೆ ಹೋದೆ. ಹೇಗೆ ಕೇಳುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತೆ. ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ತೆಗೆಸ್ಬೇಕಂತೆ," ಎಂದರು.

"ನೀವು ಬೇಡ ಅಂದ್ರೆ ಬೇಡ ಅತ್ತೆ. ನಾನು ನಿಲ್ಲಲ್ಲ. ಅಷ್ಟೇ ತಾನೆ."

ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. "ನಮ್ಮಣ್ಣ ಏನಂದ?"

ಜಗಲಿಯ ಮೇಲೆ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಜೀಪು ನಿಲ್ಲಿಸಿದ್ದು ನಾನೇ ಎಂಬ ಮಾತನ್ನು ಅವರು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಾಳೆ ಬಸ್ಸಿಗೆ ಬರ್ತೀನಿ. ನಾನೇ ಹೇಳ್ತೀನಿ ಅವ್ರಿಗೆ" ಎಂದರು.

ಮರುದಿನ ಮೂವರೂ ಬಸ್ಸಿನಲ್ಲಿ ಶ್ರೀನಿವಾಸಪುರಕ್ಕೆ ಹೋದೆವು. ಅಣ್ಣ ಒಂದು ಸೀಟು, ತಂಗಿ ಇನ್ನೊಂದು. ಗುಮಾಸ್ತರು ಅರ್ಜಿ ತುಂಬುತ್ತಾ, ತೀರಿಕೊಂಡದ್ದು ಯಾವಾಗ ಎಂದು ಕೇಳಿದರು.

"ಓಟಿನ ದಿನ," ಎಂದರು ಸೋದರತ್ತೆ.

"ಯಾವ ಓಟಮ್ಮಾ?"

ಅವರು ಅಣ್ಣನ ಕಡೆ ತಿರುಗಿದರು. ಹಿಂದೆ ನಿಂತಿದ್ದ ಮಾವ ಮುಂದೆ ಬಂದು ತಿಂಗಳು, ತಾರೀಖು, ವಾರ ಎಲ್ಲ ಹೇಳಿದರು. ಗಂಟೆಯನ್ನೂ ಹೇಳಿದರು. ಅದು ಬೇಡ ಎಂದರು ಗುಮಾಸ್ತರು. ಮಾವ ಸಹಿ ಮಾಡಿದರು, ಸೋದರತ್ತೆ ಹೆಬ್ಬೆಟ್ಟು ಒತ್ತಿದರು. ಎಲ್ಲಿ ಗೆರೆ ಎಳೆಯುತ್ತಾರೆ ತೋರಿಸಿ ಎಂದು ಸೋದರತ್ತೆ ಕೇಳಿದರು. ಅದು ಆಮೇಲೆ ಸಾಹೇಬರು ನೋಡಿ ಮಾಡುವುದು ಎಂದು ಹೇಳಬಹುದಿತ್ತು. ಆ ಗುಮಾಸ್ತರು ಹಾಗೆನ್ನದೆ, ಪಟ್ಟಿ ತೆಗೆದು ಆ ಸಾಲನ್ನು ತೋರಿಸಿದರು. ಓದು ಬಾರದ ಸೋದರತ್ತೆ ಅದರ ಮೇಲೆ ಅಂಗೈಯಿಟ್ಟು, ಮಲಗಿದ ಮಗುವಿನ ಬೆನ್ನು ಸವರುವ ಹಾಗೆ ಒಂದು ಸಲ ಸವರಿ ಕೈ ತೆಗೆದರು. "ಆಯ್ತು ಸ್ವಾಮಿ" ಎಂದರು. ಹಿಂದಿರುಗುವಾಗ ಬಸ್ಸಿನಲ್ಲಿ ಜಾಗವಿರಲಿಲ್ಲ. ಅಣ್ಣ ತಂಗಿ ಒಂದೇ ಸೀಟಿನಲ್ಲಿ ಕೂತು ಬಂದರು.

ನನ್ನ ಹೆಸರು ಸೇರುವಷ್ಟರಲ್ಲಿ ನಾಮಿನೇಶನ್ ಮುಗಿದಿತ್ತು. ಬೇರೊಬ್ಬಳು ನಿಂತು ಗೆದ್ದಳು. ನಾನೇ ಅವಳಿಗಾಗಿ ಮನೆಮನೆ ತಿರುಗಿದೆ. ಆಮೇಲಿನ ಚುನಾವಣೆಯಲ್ಲಿ ಮೊದಲ ಬಾರಿಗೆ ನನ್ನ ಸ್ವಂತ ಹೆಸರಿನ ಚೀಟಿ ಹಿಡಿದು ಹೋದೆ. ಆಫೀಸರು ಹೆಸರು ಕೂಗಿದರು. ಎರಡನೆಯ ಸಲವೂ ಕೂಗಿದರು. ಹಿಂದಿನವಳು ಬೆನ್ನು ತಟ್ಟಿ, "ನಿನ್ನನ್ನೇ ಕಣೇ ಕರೀತಿರೋದು" ಎಂದಾಗ ಮುಂದೆ ಹೋದೆ. ನನ್ನ ಬೆನ್ನಿಗೆ ನಿಂತಿದ್ದವಳು ಯಾರೋ ಬೇರೆ. ಸೋದರತ್ತೆ ಬಂದಿರಲಿಲ್ಲ.

ಅವರು ಮತ್ತೆಂದೂ ಓಟಿಗೆ ಬರಲಿಲ್ಲ. ಮಾವ ಇರುವವರೆಗೂ ಪ್ರತಿ ಓಟಿನ ದಿನದ ಕೊನೆಗೊಮ್ಮೆ ಪಟ್ಟಿ ನೋಡಿ, "ನಮ್ಮ ತಂಗಿ ಓಟು ಬಿದ್ದಿಲ್ಲ" ಎನ್ನುವರು, ಆದರೆ ಯಾರನ್ನೂ ಕಳಿಸುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೂ ಎಷ್ಟೋ ವರ್ಷ ಚೀಟಿ ಹಂಚುವ ಕೆಲಸ ನನ್ನದೇ ಆಗಿತ್ತು. ಜ್ವರ ಬಂದವರನ್ನು ಎಬ್ಬಿಸಿದ್ದೇನೆ, ಒಲೆಯ ಮುಂದಿನಿಂದ ಕೈ ಹಿಡಿದು ಎಳೆದು ತಂದಿದ್ದೇನೆ, ಮುನಿಸಿಕೊಂಡವರನ್ನು ಗೋಗರೆದು ಸಾಲಿನಲ್ಲಿ ನಿಲ್ಲಿಸಿದ್ದೇನೆ. ಸೋದರತ್ತೆಯ ಮನೆಗೂ ಹೋಗಿ ಚೀಟಿ ಕೊಡುತ್ತಿದ್ದೆ. ಅವರು ಅದನ್ನು ತೆಗೆದುಕೊಂಡು ಗೂಡಿನಲ್ಲಿಟ್ಟು, "ಕೂತ್ಕೋ, ಊಟ ಮಾಡ್ಕೊಂಡು ಹೋಗು" ಎನ್ನುವರು. ನಾನು ಕೂತು ಊಟ ಮಾಡುವೆ. ಬೂತಿಗೆ ಬನ್ನಿ ಎಂದು ಅವರನ್ನು ಒಂದು ದಿನವೂ ಕರೆಯಲಿಲ್ಲ.